ಚಾವಣಿ ದಾಟಿ ಬಂದ ‘ಬೇಡ’

ಆರಿನ್ ಟಟಲ್‌ನ ಗಂಟಲಿಗೆ ದೇವರು ಅಳತೆ ನೋಡದೆ ಧ್ವನಿ ಸುರಿದಿದ್ದ. ಸಾಲದ್ದಕ್ಕೆ ವರ್ಷಾನುಗಟ್ಟಲೆ ಊರಿನ ಹಿಮ ತಳ್ಳುವ ಲಾರಿ ಓಡಿಸಿ, ಅದರ ಗಡಗಡದ ಮೇಲೆ ಕೂಗಿ ಕೂಗಿ, ಇದ್ದ ಗಂಟಲು ಇನ್ನಷ್ಟು ಅಗಲವಾಗಿತ್ತು. ಅವನು ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಎದುರು ಮನೆಯವರು ಕಿಟಕಿ ತೆಗೆದು ಸಲಹೆ ಕೊಡುತ್ತಿದ್ದರು. ಹೀಗಾಗಿ ಅವನು ಡೆಲ್ಫೀನ್ ಗ್ಯಾನ್ಯೋಳನ್ನು ಮದುವೆಯಾಗೆಂದು ಕೇಳುತ್ತಿದ್ದ ಸಂಗತಿ ಈಸ್ಟ್ ಟಾಪ್ಲಿನ್ ಊರಿನಲ್ಲಿ ಯಾರಿಗೂ ಹೊಸದಲ್ಲ.

ಕೇಳುವುದಕ್ಕೆ ಅವನು ಒಂದು ದಿನವನ್ನೂ ಒಂದು ಜಾಗವನ್ನೂ ಗೊತ್ತು ಮಾಡಿಕೊಂಡಿದ್ದ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಆ ದಿನ ಬೆಳಗ್ಗೆ ಎಲ್ಲರೂ ಸಭಾಭವನದ ಮೇಲಿನ ಹಾಲ್‌ನಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತು, ರಸ್ತೆ, ಶಾಲೆ, ಬೆಂಕಿ ಆರಿಸುವ ಗಾಡಿ ಎಂದು ಒಂದೊಂದೇ ವಿಷಯ ಎತ್ತಿಕೊಂಡು, ಗದ್ದಲ ಮಾಡಿ, ಬಾಯಿಮಾತಿನಲ್ಲೇ ಮತ ಹಾಕಿ ತೀರ್ಮಾನ ಮಾಡುವುದು. ಮಧ್ಯಾಹ್ನ ನೆಲಮಾಳಿಗೆಯ ಅಡಿಗೆಮನೆಯಲ್ಲಿ ಒಟ್ಟಿಗೆ ಊಟ. ಬೆಳಗ್ಗೆ ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳವಾಡಿದವರೂ ಅಲ್ಲಿ ಅಕ್ಕಪಕ್ಕ ಕೂತು, ಮೇಪಲ್ ಮರದ ಸಿಹಿ ಪಾಕದಲ್ಲಿ ಬೆಂದ ಕಾಳನ್ನು ಬಡಿಸಿಕೊಳ್ಳುತ್ತಿದ್ದರು. ಊಟದ ಕೊನೆಗೆ ಆರಿನ್ ಸಿಹಿ ತುಂಬಿ ಬೇಯಿಸಿದ ಪೈ ಇಟ್ಟ ಮೇಜಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಮೇಜಿನ ಆಚೆ ಕಡೆ ಡೆಲ್ಫೀನ್, ಕೈಯಲ್ಲಿ ಚಾಕು.

“ಏನ್ ಹೇಳ್ತೀಯ ಡೆಲ್ಫೀನ್, ಈ ವರ್ಷನಾದ್ರೂ?”

“ಸೇಬಿನ ಪೈ ಕೊಡ್ಲಾ, ಮೇಪಲ್ ಪೈ ಕೊಡ್ಲಾ?”

“ನಾನು ಕೇಳಿದ್ದು ಅದಲ್ಲ ಕಣೆ.”

“ನಾನು ಹೇಳ್ತಿರೋದು ಅದೇ. ತಗೋ, ಮೇಪಲ್ ತಿನ್ನು. ಸ್ವಲ್ಪ ಹೊತ್ತು ಬಾಯಿ ಅಂಟ್ಕೊಂಡಿರತ್ತೆ, ಊರಿಗೂ ನೆಮ್ಮದಿ.”

ಸುತ್ತ ನಿಂತವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ಆ ಪೈ ತುಂಡು ಯಾವಾಗಲೂ ಮೇಜಿನ ಮೇಲಿದ್ದ ತುಂಡುಗಳಲ್ಲೇ ದೊಡ್ಡದಾಗಿರುತ್ತಿತ್ತು. ಡೆಲ್ಫೀನ್‌ಗೆ ಅವನು ಬೇಡದವನಲ್ಲ. ಸೇತುವೆ ಪಕ್ಕದ ಅವಳ ಹೋಟೆಲಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಅವನದ್ದೇ. ಬೇರೆ ಯಾರಾದರೂ ಕೂತರೆ ಅವಳು ಕಾಫಿ ಕೊಡುವುದನ್ನೇ ಮರೆಯುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಹೋಟೆಲು ನಡೆಸಿಕೊಂಡು ಬಂದ ಗಟ್ಟಿ ಹೆಂಗಸು ಅವಳು. ಅವಳಿಗೆ ಅಡ್ಡಬಂದದ್ದು ಅವಳ ಸೊಂಟ.

ಒಂದು ಕಾಲದಲ್ಲಿ ಶನಿವಾರ ಸಂಜೆ ಅದೇ ಸಭಾಭವನದಲ್ಲಿ ಪಿಟೀಲು ಶುರುವಾದರೆ ಡೆಲ್ಫೀನ್‌ಳ ಜೊತೆ ಕುಣಿಯಲು ಜನ ಸಾಲು ನಿಲ್ಲುತ್ತಿದ್ದರು. ಗಂಡಸರು ಹೆಂಗಸರು ಎದುರುಬದುರು ಎರಡು ಸಾಲಾಗಿ ನಿಂತು, ಕೈ ಹಿಡಿದು, ತಿರುಗಿ, ಮುಂದಿನವರ ಕೈಗೆ ದಾಟುವ ಆ ಕುಣಿತದಲ್ಲಿ ಅವಳು ಬಂದು ಹೋದ ಕೈ ಸ್ವಲ್ಪ ಹೊತ್ತು ಬೆಚ್ಚಗಿರುತ್ತಿತ್ತು ಎಂದು ಆರಿನ್ ಇವತ್ತಿಗೂ ಹೇಳುತ್ತಾನೆ. ಆಮೇಲೆ ಬಲ ಸೊಂಟದ ಕೀಲು ಸವೆಯಿತು. ಈಗ ಅವಳು ಪಿಟೀಲಿನವನ ಪಕ್ಕ ಸ್ಟೂಲ್ ಹಾಕಿ ಕೂತು, ತೊಡೆಯ ಮೇಲೆ ಎರಡು ಚಮಚ ಬಡಿಯುತ್ತಾ ತಾಳ ಹಾಕುತ್ತಿದ್ದಳು. ಕೀಲು ಬದಲಾಯಿಸಬೇಕೆಂದು ಡಾಕ್ಟರು ಹೇಳಿ ಹಳತಾಗಿತ್ತು. ಆದರೆ ಒಂಟಿ ಹೋಟೆಲಿನವಳು ತನ್ನಷ್ಟಕ್ಕೆ ತಾನು ಕೊಂಡುಕೊಂಡ ಆರೋಗ್ಯ ವಿಮೆ ತೂತು ಬಿದ್ದ ಕೊಡೆಯಂಥದ್ದು. ಮಳೆ ಜೋರಾದಾಗಲೇ ಸೋರುತ್ತಿತ್ತು.

ಆರಿನ್ ಊರಿನ ನೌಕರ. ಅವನ ಜೇಬಿನಲ್ಲಿ ಸರ್ಕಾರಿ ನೌಕರರ ವಿಮೆ ಕಾರ್ಡ್ ಇತ್ತು. ಒಂದು ವರ್ಷ ಪೈ ಮೇಜಿನ ಮುಂದೆ ಅವನು ಆ ಮಾತನ್ನೂ ಆಡಿಬಿಟ್ಟ.

“ನನ್ನ ಕಾರ್ಡಲ್ಲಿ ಹೆಂಡ್ತಿಗೂ ಜಾಗ ಇದೆ ಡೆಲ್ಫೀನ್. ಮದುವೆ ಆಯ್ತು ಅಂದ್ಕೋ, ಸೊಂಟನೂ ಆಯ್ತು.”

ಡೆಲ್ಫೀನ್ ಚಾಕು ಕೆಳಗಿಟ್ಟಳು. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

“ನೋಡು ಆರಿನ್. ನಾನೀಗ ಹೂಂ ಅಂದ್ರೆ, ಇವಳು ಮದ್ವೆ ಆಗಿದ್ದು ಆರಿನ್‌ನನ್ನಲ್ಲ, ಅವನ ಕಾರ್ಡನ್ನ ಅಂತ ಊರೆಲ್ಲ ಆಡ್ಕೊಳತ್ತೆ. ಊರು ಏನಾದ್ರೂ ಅಂದ್ಕೊಳ್ಲಿ, ಬಿಡು. ಒಂದಿನ ನೀನೇ ಕಾಫಿ ಕುಡೀತಾ ಕುಡೀತಾ ಹಾಗಂದ್ಕೋತೀಯಲ್ಲ, ಅವತ್ತು ನಾನು ಮುಖ ಎಲ್ಲಿಟ್ಕೊಳ್ಲಿ?”

“ನಾನ್ಯಾಕೆ ಹಾಗಂದ್ಕೊಳ್ಲಿ?”

“ಅಂದ್ಕೋತೀಯ. ನಿನಗೆ ಗಂಟಲು ದೊಡ್ಡದು, ಧೈರ್ಯ ಚಿಕ್ಕದು.”

ಅವಳು ಹೇಳಿದ್ದು ನಿಜವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಆ ಮಾತು ಮತ್ತೆ ಎತ್ತಲಿಲ್ಲ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಹೊಸ ಸುದ್ದಿ ಬಂತು. ಊರಿನ ನೌಕರರು, ಶಾಲೆಯ ಟೀಚರುಗಳು, ಸುತ್ತಲಿನ ಹತ್ತಾರು ಊರುಗಳವರು ಸೇರಿ ಒಟ್ಟಿಗೆ ವಿಮೆ ಕೊಳ್ಳುವ ಸರ್ಕಾರಿ ಕೂಟವೊಂದು ಮೊದಲಿನಿಂದಲೂ ಇತ್ತು. ಆರಿನ್‌ನ ಕಾರ್ಡ್ ಅಲ್ಲಿಯದೇ. ಇನ್ನು ಮುಂದೆ ಊರಸಭೆ ಒಪ್ಪಿದರೆ, ಆ ಊರಿನ ಅಂಗಡಿ, ಹೋಟೆಲು, ಒಂಟಿ ಕಸುಬಿನವರು ಯಾರು ಬೇಕಾದರೂ ತಮ್ಮ ಪಾಲು ತಾವು ಕಟ್ಟಿ ಆ ಕೂಟಕ್ಕೆ ಸೇರಬಹುದೆಂದು ರಾಜ್ಯದವರು ಬಾಗಿಲು ತೆಗೆದರು. ಮಾರ್ಚ್ ಸಭೆಯ ವಿಷಯಗಳಲ್ಲಿ ಅದೂ ಸೇರಿತು.

ಡೆಲ್ಫೀನ್‌ಳ ಹೋಟೆಲಿನಲ್ಲಿ ಆ ಚಳಿಗಾಲವೆಲ್ಲ ಹಬ್ಬದ ಗಲಾಟೆ. ಬ್ರೆಡ್ ಮಾಡುವ ಮೇವಿಸ್ ಬಂದವಳೇ, “ನನ್ನ ಹಲ್ಲು ನೋವಿಗೆ ಇನ್ನು ಲವಂಗ ಕಚ್ಕೊಂಡು ಕೂರಬೇಕಾಗಿಲ್ಲ ಕಣ್ರೇ” ಎಂದು ಬಾಯಿ ತೆಗೆದು ಎಲ್ಲರಿಗೂ ಆ ಹಲ್ಲು ತೋರಿಸಿದಳು. ಕುಂಬಾರಿಕೆಯವರು, ಮೇಪಲ್ ಪಾಕ ಕಾಯಿಸುವವರು, ಬೈಸಿಕಲ್ ರಿಪೇರಿಯವರು, ಎಲ್ಲರೂ ತಮ್ಮ ತಮ್ಮ ಹಳೇ ನೋವುಗಳನ್ನು ಮಕ್ಕಳ ಬಗ್ಗೆ ಹೇಳಿಕೊಂಡಷ್ಟು ಹೆಮ್ಮೆಯಿಂದ ಹೇಳಿಕೊಂಡರು. ಡೆಲ್ಫೀನ್ ಮಾತ್ರ ಕಾಫಿ ಹಾಕುತ್ತಾ ಹಾಕುತ್ತಾ ಎಡಗಾಲಿನಲ್ಲಿ ಮೆಲ್ಲಗೆ ತಾಳ ಹಾಕುತ್ತಿದ್ದಳು. ಅದನ್ನು ಆರಿನ್ ನೋಡಿದ.

ನೋಡಿ ಖುಷಿಪಡಬೇಕಿತ್ತು ಅವನು. ಪಟ್ಟ ಕೂಡ. ಆದರೆ ಲಾರಿಯಲ್ಲಿ ಒಬ್ಬನೇ ಕೂತು ಹಿಮ ತಳ್ಳುವಾಗ ಅವನು ಬೇರೆಯೇ ಲೆಕ್ಕ ಹಾಕತೊಡಗಿದ. ಅವಳಿಗೆ ಅವಳದೇ ಕಾರ್ಡ್ ಸಿಕ್ಕಿದರೆ, ಸೊಂಟ ಸರಿಹೋದರೆ, ಮತ್ತೆ ಕುಣಿಯಲು ನಿಂತರೆ, ಈ ಬೊಬ್ಬೆ ಹೊಡೆಯುವ ಮುದಿ ಡ್ರೈವರ್ ಅವಳಿಗೆ ಯಾಕೆ ಬೇಕು? ಇಷ್ಟು ವರ್ಷ ಅವಳು ಬೇಡ ಬೇಡ ಎಂದರೂ, ಒಂದಲ್ಲ ಒಂದು ದಿನ ನೋವು ಹೆಚ್ಚಾಗಿ ಹೂಂ ಅಂದಾಳೆಂಬ ಆಸೆ ಅವನ ಮನಸ್ಸಿನ ಮೂಲೆಯಲ್ಲಿ ಕೂತಿತ್ತು. ಅಂಥ ಆಸೆ ಇಟ್ಟುಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಆಸೆ ಜಾಗ ಬಿಟ್ಟು ಏಳಲಿಲ್ಲ.

ಸಭೆಯ ದಿನ ಬಂತು. ಸಭಾಪತಿ ಲೂಸಿಯಸ್ ಹೇಝನ್ ಹಸು ಸಾಕುವವನು, ಉದ್ದನೆಯ ಮನುಷ್ಯ. ಅವನು ಎಷ್ಟು ವರ್ಷದಿಂದ ಸಭಾಪತಿ ಎಂದರೆ, ಮನೆಯಲ್ಲಿ ಹೆಂಡತಿ ಉಪ್ಪು ಕೇಳಿದರೂ “ಅನುಮೋದಿಸುವವರು ಯಾರು?” ಎನ್ನುತ್ತಾನೆಂದು ಊರು ತಮಾಷೆ ಮಾಡುತ್ತಿತ್ತು. ಅವನ ಮೇಜಿನ ಮೇಲೆ ಎರಡು ಸಾಮಾನು: ಒಂದು ಮರದ ಸುತ್ತಿಗೆ, ಒಂದು ಹಿತ್ತಾಳೆ ಗಂಟೆ. ಸುತ್ತಿಗೆ ತೀರ್ಮಾನಕ್ಕೆ, ಗಂಟೆ ಅಡಿಗೆಯವರಿಗೆ. ಕೆಳಗೆ ಅಡಿಗೆ ಮಾಡುವವರೂ ಮತದಾರರೇ ಆದ್ದರಿಂದ, ದೊಡ್ಡ ವಿಷಯ ಬಂದಾಗ ಅವನು ಮೆಟ್ಟಿಲ ತಲೆಯಲ್ಲಿ ನಿಂತು ಗಂಟೆ ಬಾರಿಸುತ್ತಿದ್ದ. ಅವರು ಕೈ ಒರೆಸಿಕೊಂಡು ಓಡಿ ಬಂದು ಮತ ಹಾಕಿ, ತಳ ಹತ್ತುವ ಮುಂಚೆ ಮತ್ತೆ ಓಡುತ್ತಿದ್ದರು.

ಆ ದಿನ ಅಡಿಗೆಗೆ ನಿಂತವರು ಡೆಲ್ಫೀನ್, ಮೇವಿಸ್, ಮೇಪಲ್ ಪಾಕದವರು, ಕುಂಬಾರಿಕೆಯವರು. ಯಾವಾಗಲೂ ಅವರೇ. ತಮ್ಮ ಅಂಗಡಿಗೆ ತಾವೇ ಯಜಮಾನರು, ಒಂದು ದಿನ ಬೀಗ ಹಾಕಿ ಬರಬಲ್ಲವರು. ಅಂದರೆ ಯಾರಿಗೆ ಆ ಕೂಟ ಬೇಕಿತ್ತೋ ಅವರೆಲ್ಲ ನೆಲದ ಕೆಳಗಿದ್ದರು. ಅದಾಗಲೇ ಕಾರ್ಡ್ ಇದ್ದವರೆಲ್ಲ ನೆಲದ ಮೇಲೆ ಕೂತಿದ್ದರು. ಇದು ಯಾರ ತಲೆಗೂ ಹೊಳೆದಿರಲಿಲ್ಲ. ಯಾಕೆಂದರೆ ವಿಮೆಯ ವಿಷಯ ಬರಬೇಕಾದದ್ದು ಊಟದ ನಂತರ.

ಊಟದ ತನಕ ಪ್ರತಿ ವರ್ಷ ನಡೆಯುತ್ತಿದ್ದುದು ಗ್ರೇಡರ್ ಜಗಳ. ರಸ್ತೆ ಸಮ ಮಾಡುವ ಆ ಯಂತ್ರ ಹಳತಾಗಿದೆ, ಹೊಸದು ಬೇಕೆಂದು ಅರ್ಧ ಊರು. ಇನ್ನೊಂದು ವರ್ಷ ತಳ್ಳಬಹುದೆಂದು ಇನ್ನರ್ಧ. ಈ ಜಗಳ ಕೇಳಲೆಂದೇ ಕೆಲವರು ಹೆಣಿಗೆ ಹಿಡಿದುಕೊಂಡು ಬರುತ್ತಿದ್ದರು. ಆದರೆ ಆ ವರ್ಷ ಗ್ರೇಡರ್ ತಾನೇ ಚರ್ಚೆ ಮುಗಿಸಿಬಿಟ್ಟಿತ್ತು. ಸಭೆಗೆ ಮುಂಚಿನ ವಾರ ಸಭಾಭವನದ ಬಾಗಿಲಿಗೆ ಅಡ್ಡಲಾಗಿ ಕೆಟ್ಟು ನಿಂತದ್ದು, ಎಳೆದರೂ ಜಗ್ಗಲಿಲ್ಲ. ಊರವರೆಲ್ಲ ಅದನ್ನು ಬಳಸಿಕೊಂಡೇ ಒಳಗೆ ಬಂದಿದ್ದರು.

“ಗ್ರೇಡರ್ ಬಗ್ಗೆ ಯಾರಾದ್ರೂ ಮಾತಾಡ್ತೀರಾ?” ಎಂದ ಲೂಸಿಯಸ್.

ಯಾರೂ ಮಾತಾಡಲಿಲ್ಲ. ಕಿಟಕಿಯಾಚೆ ಅದರ ಮೂತಿ ಕಾಣುತ್ತಿತ್ತು. ಲೂಸಿಯಸ್ ಮತ ಕೇಳಿದ, ಸುತ್ತಿಗೆ ಬಡಿದ, ಮುಗಿಯಿತು. ಅವನಿಗೆ ದಿಕ್ಕೇ ತೋಚದಂತಾಯಿತು. ಊಟಕ್ಕೆ ಇನ್ನೂ ಹೊತ್ತಿದೆ. ಆ ಗಾಬರಿಯಲ್ಲಿ ಮುಂದಿನ ವಿಷಯ ಎತ್ತಿಕೊಂಡ. ಆ ವಿಷಯವೇ ವಿಮೆ. ಗಂಟೆ ಅವನ ಮೊಣಕೈ ಪಕ್ಕದಲ್ಲೇ ಇತ್ತು.

ಮೊದಲು ಎದ್ದವರು ವಿನಿಫ್ರೆಡ್ ಸ್ಟೋವೆಲ್. ನಿವೃತ್ತ ಹೆಡ್‌ಮಿಸ್ಟ್ರೆಸ್. ಹಾಲ್‌ನಲ್ಲಿದ್ದ ಅರ್ಧ ಜನರಿಗೆ ಅಕ್ಷರ ಕಲಿಸಿದವರಾದ್ದರಿಂದ ಎಲ್ಲರಿಗೂ ಸ್ಟೋವೆಲ್ ಟೀಚರ್. ಸಭೆಯಲ್ಲಿ ಯಾರೂ ಯಾರೊಂದಿಗೂ ನೇರವಾಗಿ ಮಾತಾಡುವಂತಿಲ್ಲ. ಏನಿದ್ದರೂ ಸಭಾಪತಿಗೆ ಹೇಳಬೇಕು.

“ಸಭಾಪತಿಗಳೇ, ನನಗೆ ಯಾರ ಮೇಲೂ ದ್ವೇಷ ಇಲ್ಲ. ಆದ್ರೆ ಬಾಗಿಲು ತೆಗೆದ್ರೆ ಮೊದಲು ಬರೋರು ಯಾರು? ಕಾಯಿಲೆಯವರೇ. ಆಗ ನಾವು ಕಟ್ಟೋ ಪಾಲು ಏರಲ್ವಾ? ಇಷ್ಟು ವರ್ಷ ಪಾಠ ಹೇಳಿ ಸಂಪಾದಿಸಿದ್ದು ನಮಗೆ ಇದೊಂದೇ.”

ಒಬ್ಬಿಬ್ಬರು ಪರವಾಗಿ ಮಾತಾಡಿದರು, ಆದರೆ ಅವರ ಮಾತಿನಲ್ಲಿ ಬಿಸಿ ಇರಲಿಲ್ಲ. ಬಿಸಿ ಇದ್ದವರು ಒಲೆಯ ಮುಂದಿದ್ದರು. ಲೂಸಿಯಸ್ ಮತ ಕೇಳಿದ.

“ಒಪ್ಪೋರು ಹೌದು ಅನ್ನಿ.”

“ಹೌದು,” ಎಂಬ ಹದವಾದ ಸದ್ದು.

“ಒಪ್ಪದೋರು ಬೇಡ ಅನ್ನಿ.”

ಆರಿನ್ ಬಾಯಿ ತೆರೆಯಬೇಕೆಂದಿರಲಿಲ್ಲ. ಸುಮ್ಮನೆ ಕೂರೋಣ, ಹೌದೂ ಬೇಡ, ಬೇಡವೂ ಬೇಡ ಎಂದುಕೊಂಡಿದ್ದ. ಆದರೆ ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಆ ಆಸೆ ಒಮ್ಮೆಲೇ ಎದ್ದು ಗಂಟಲಿಗೆ ಬಂತು. ಮೆಲ್ಲಗೆ ಅನ್ನಲು ಹೋದ. ಮೆಲ್ಲಗೆ ಅನ್ನುವುದು ಅವನಿಗೆ ಯಾವತ್ತು ಬಂದಿತ್ತು?

“ಬೇಡ!”

ಕಿಟಕಿಯ ಗಾಜು ಝಣ್ ಎಂದಿತು. ಮುಂದಿನ ಸಾಲಿನ ಮುದುಕರು ತಿರುಗಿ ನೋಡಿದರು. ಉಳಿದವರ ‘ಬೇಡ’ಗಳು ಅದರ ಹಿಂದೆ ಕುರಿಮರಿಗಳಂತೆ ಬಂದವು. ಒಟ್ಟು ಸದ್ದು ಕೇಳಿದರೆ ಬೇಡ ಎಂದವರೇ ಬಹಳ ಜನರೆನ್ನಿಸಿತು. ಲೂಸಿಯಸ್ ಸುತ್ತಿಗೆ ಬಡಿದು, “ಬಿದ್ದುಹೋಯ್ತು. ಊಟ,” ಎಂದ.

ಕೆಳಗಿಳಿಯುವ ಮೆಟ್ಟಿಲಲ್ಲೇ ಸುದ್ದಿ ಜನರಿಗಿಂತ ಮುಂದೆ ಓಡಿತ್ತು. ಮೇವಿಸ್ ಸೌಟು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

“ಗಂಟೆ ಎಲ್ಲಿ ಲೂಸಿಯಸ್? ಗಂಟೆ ಬಾರಿಸ್ದೆ ವೋಟ್ ಹಾಕಿದ್ರಾ? ನಾವು ಇಲ್ಲಿ ನಿಮ್ಮ ಹೊಟ್ಟೆಗೆ ಬೇಯಿಸ್ತಾ ಇದ್ರೆ ನೀವು ಮೇಲೆ ನಮ್ಮ ಹೊಟ್ಟೆ ಮೇಲೆ ಹೊಡೀತಿದ್ರಾ?”

ಲೂಸಿಯಸ್‌ನ ಉದ್ದ ಮುಖ ಇನ್ನೂ ಉದ್ದವಾಯಿತು. “ಮರೆತೆ ಮೇವಿಸ್. ಆ ಗ್ರೇಡರ್ ನನ್ನ ತಲೆ ಕೆಡಿಸ್ಬಿಡ್ತು.”

“ಹಾಗಾದ್ರೆ ಮತ್ತೆ ಹಾಕ್ಸು.”

“ನಾನು ಹಾಕ್ಸೋ ಹಾಗಿಲ್ಲ. ನಿಯಮ ಇದೆ. ಗೆದ್ದ ಕಡೆ ವೋಟ್ ಹಾಕಿದವರಲ್ಲೇ ಯಾರಾದ್ರೂ ಎದ್ದು, ‘ಮತ್ತೊಮ್ಮೆ ನೋಡೋಣ’ ಅಂತ ಕೇಳ್ಬೇಕು. ಅದೂ ಊಟ ಆಗಿ ಮುಂದಿನ ವಿಷಯ ಶುರುವಾಗೋ ಮುಂಚೆ. ಶುರುವಾಯ್ತು ಅಂದ್ರೆ ಈ ವರ್ಷಕ್ಕೆ ಮುಗೀತು.”

ಬೇಡ ಎಂದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಟ್ಟೆಯಲ್ಲಿ ಬಹಳ ಆಸಕ್ತಿ ತೋರಿಸತೊಡಗಿದರು. ಸ್ಟೋವೆಲ್ ಟೀಚರ್ ಮಾತ್ರ ತಲೆಯೆತ್ತಿ, “ನಾನು ಕೇಳಲ್ಲ. ನನ್ನ ಮನಸ್ಸು ಬದಲಾಗಿಲ್ಲ,” ಎಂದು ನೆಟ್ಟಗೆ ಹೇಳಿ ಸೌತೆಕಾಯಿ ಉಪ್ಪಿನಕಾಯಿ ಬಡಿಸಿಕೊಂಡರು.

ಆರಿನ್‌ಗೆ ಕಾಳು ಗಂಟಲಿನಿಂದ ಇಳಿಯಲಿಲ್ಲ. ಅಷ್ಟು ದೊಡ್ಡ ಗಂಟಲು, ಒಂದು ಕಾಳಿಗೆ ಜಾಗವಿಲ್ಲ. ಅವನು ಎದ್ದು ಹೇಳಬಹುದು. ಹೇಳಿದರೆ ಬೇಡ ಎಂದವನು ತಾನೇ ಎಂದು ಅವಳಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಗೊತ್ತಾಗುವುದಿಲ್ಲ, ಅವಳು ಇನ್ನೊಂದು ವರ್ಷ ಕುಂಟುತ್ತಾಳೆ, ಅವನು ಇನ್ನೊಂದು ವರ್ಷ ಪೈ ತಿನ್ನುತ್ತಾನೆ. ತಟ್ಟೆ ಹಿಡಿದುಕೊಂಡು, ಕಾಲು ಎಳೆದುಕೊಂಡ ಹಾಗೆ ಪೈ ಮೇಜಿಗೆ ಹೋದ.

ಡೆಲ್ಫೀನ್ ಮೇಜಿನ ಅಂಚಿಗೆ ಕೈಯೂರಿ ನಿಂತಿದ್ದಳು. ಬೆಳಗ್ಗೆಯಿಂದ ನಿಂತು ನಿಂತು ಸೊಂಟ ಹಿಡಿದುಕೊಂಡಿತ್ತು. ಅದು ಅವಳ ತುಟಿಯಲ್ಲೇ ಕಾಣುತ್ತಿತ್ತು. ಅವನನ್ನು ನೋಡಿ ಮೇಪಲ್ ಪೈಯ ಒಂದು ತುಂಡು ಕತ್ತರಿಸಿ ಹಾಕಿದಳು. ಯಾವತ್ತಿನಷ್ಟೇ ದೊಡ್ಡ ತುಂಡು.

“ಏನು, ಈ ವರ್ಷ ಕೇಳಲ್ವಾ?” ಎಂದಳು.

ಆ ಪೈ ತುಂಡನ್ನು ನೋಡಿ ಅವನಿಗೆ ಅಳು ಬಂದಂತಾಯಿತು. ತುಂಡು ಚಿಕ್ಕದಾಗಿದ್ದರೆ ಅವನು ತಿಂದುಬಿಡುತ್ತಿದ್ದನೋ ಏನೋ.

“ಈ ವರ್ಷ ಕೇಳೋ ಯೋಗ್ಯತೆ ಇಲ್ಲ ಕಣೆ,” ಎಂದು ತಟ್ಟೆಯನ್ನು ಹಾಗೇ ಇಟ್ಟು ಮೆಟ್ಟಿಲು ಹತ್ತಿದ.

ಊಟವಾಗಿ ಎಲ್ಲರೂ ಮೇಲೆ ಬಂದು ಕೂತರು. ಅಡಿಗೆಯವರು ಏಪ್ರನ್ ಕಟ್ಟಿಕೊಂಡೇ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಲೂಸಿಯಸ್ ಮುಂದಿನ ವಿಷಯಕ್ಕೆಂದು ಕನ್ನಡಕ ಏರಿಸುವಷ್ಟರಲ್ಲಿ ಆರಿನ್ ಎದ್ದು ನಿಂತ. 

“ಸಭಾಪತಿಗಳೇ. ವಿಮೆ ವಿಷಯ ಮತ್ತೊಮ್ಮೆ ನೋಡೋಣ ಅಂತ ಕೇಳ್ತೀನಿ.”

“ನೀನು ಗೆದ್ದ ಕಡೆ ವೋಟ್ ಹಾಕಿದ್ಯಾ?” ಲೂಸಿಯಸ್ ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಮೇಲಿದ್ದವರಿಗೆಲ್ಲ ಗೊತ್ತಿದ್ದರೂ ಕೇಳಿದ.

“ಹಾಕಿದೆ. ಬೇಡ ಅಂದೆ.” ಆರಿನ್ ಹಿಂದಕ್ಕೆ ತಿರುಗಲಿಲ್ಲ. “ಪಾಲು ಏರತ್ತೆ ಅಂತ ಅಲ್ಲ. ಸ್ಟೋವೆಲ್ ಟೀಚರ್ ಹೇಳಿದ್ದಕ್ಕಾದ್ರೂ ಒಂದು ಅರ್ಥ ಇದೆ, ನನ್ನದಕ್ಕೆ ಅದೂ ಇಲ್ಲ. ಒಬ್ಬರಿಗೆ ನನ್ನ ಕಾರ್ಡ್ ಬೇಕಾಗದೆ ಹೋದ್ರೆ ನಾನೂ ಬೇಕಾಗಲ್ಲ ಅಂತ ಹೆದರ್ಕೊಂಡೆ. ಅವರ ನೋವು ನನಗೆ ಒಳ್ಳೇದಾಯ್ತು ಅಂತ ಅಂದ್ಕೊಂಡಿದ್ದೆ. ಅಷ್ಟೇ. ತಪ್ಪಾಯ್ತು.”

 ಆಮೇಲೆ ಹಿಂದಿನ ಗೋಡೆಯ ಕಡೆಯಿಂದ ಡೆಲ್ಫೀನ್‌ಳ ಧ್ವನಿ ಬಂತು.

“ಸಭಾಪತಿಗಳೇ, ತಮ್ಮ ಮೂಲಕ ಆ ಮಹಾಶಯರಿಗೆ ತಿಳಿಸಿ. ಅವರ ‘ಬೇಡ’ ಚಾವಣಿ ದಾಟ್ಕೊಂಡು ಕೆಳಗೆ ಬಂದು ನನ್ನ ಪಾತ್ರೆ ಮುಚ್ಚಳ ಎಲ್ಲ ಕುಣಿಸ್ತು. ಗಂಟೆ ಕೇಳಿಸ್ದಿದ್ರೂ ಅದು ಕೇಳಿಸ್ತು. ಪೈ ಕೊಡೋವಾಗ್ಲೇ ನನಗೆ ಗೊತ್ತಿತ್ತು.”

ಹಾಲ್ ಘೊಳ್ಳೆಂದಿತು. ಲೂಸಿಯಸ್ ಸುತ್ತಿಗೆ ಬಡಿಯುತ್ತಾ ತಾನೂ ನಗುತ್ತಿದ್ದ. ಆರಿನ್‌ಗೆ ಕಿವಿಯ ತನಕ ಬಿಸಿಯಾಯಿತು. ಗೊತ್ತಿದ್ದೂ ಅಷ್ಟು ದೊಡ್ಡ ತುಂಡು ಹಾಕಿದಳೇ?

ಲೂಸಿಯಸ್ ಎದ್ದು ಹೋಗಿ, ಅಡಿಗೆಯವರೆಲ್ಲ ಕಣ್ಣೆದುರಿಗೇ ನಿಂತಿದ್ದರೂ, ಮೆಟ್ಟಿಲ ತಲೆಯಲ್ಲಿ ಗಂಟೆಯನ್ನು ವಾಡಿಕೆಯ ಮೂರು ಸಲಕ್ಕೆ ಬದಲು ಆರು ಸಲ ಬಾರಿಸಿ ಬಂದ. ಚರ್ಚೆ ಮತ್ತೆ ಶುರುವಾಯಿತು. ಈ ಸಲ ಡೆಲ್ಫೀನ್ ಮುಂದೆ ಬಂದಳು, ಒಂದು ಕುರ್ಚಿಯ ಬೆನ್ನು ಹಿಡಿದು ನಿಂತು.

“ಟೀಚರ್ ಕೇಳಿದ್ದು ಸರಿ. ಕಾಯಿಲೆಯವರು ಬರ್ತಾರೆ. ನನ್ನ ಸೊಂಟನೇ ಮೊದಲು ಬರತ್ತೆ. ಆದ್ರೆ ಮೇವಿಸ್‌ಗೆ ಒಂದು ಹಲ್ಲು ಬಿಟ್ರೆ ಕುದುರೆ ಥರ ಇದ್ದಾಳೆ, ಅವಳೂ ಬರ್ತಾಳೆ. ಸೈಕಲ್ ಅಂಗಡಿ ಹುಡುಗೀರು ಬರ್ತಾರೆ, ಅವರಿಗೆ ನೆಗಡಿನೂ ಆಗಲ್ಲ. ನಾನೊಬ್ಬಳೇ ಹೋಗಿ ಒಂದು ಪೊಟ್ಟಣ ಕಾಫಿಪುಡಿ ಕೇಳಿದ್ರೆ ವ್ಯಾಪಾರಿ ನನ್ನ ಮುಖನೂ ನೋಡಲ್ಲ. ಮೂಟೆ ಕೇಳಿದ್ರೆ ಬಾಗಿಲ ತನಕ ಹೊತ್ಕೊಂಡು ಬರ್ತಾನೆ. ನಾವು ಬರೋದ್ರಿಂದ ನಿಮ್ಮ ಮೂಟೆ ಚಿಕ್ಕದಾಗಲ್ಲ, ದೊಡ್ಡದಾಗತ್ತೆ. ಮತ್ತೆ ಸಭಾಪತಿಗಳೇ, ಇಷ್ಟು ವರ್ಷ ಇಡೀ ಊರಿಗೆ ಒಂದೇ ಪಾತ್ರೇಲಿ ಬೇಯಿಸಿ ಹಾಕಿದ್ದೀವಿ. ಒಂದು ಸಲ ನಿಮ್ಮ ಪಾತ್ರೇಲಿ ನಮಗೂ ಬಡಿಸಿ ಅಂತ ಕೇಳ್ತಿದ್ದೀವಿ.”

ಮತ ಕೇಳಿದಾಗ ‘ಹೌದು’ ಎಂಬ ಸದ್ದು ಹಿಂದಿನ ಗೋಡೆಯಿಂದ ಎದ್ದು ಮುಂದಿನ ಗೋಡೆಗೆ ಬಡಿಯಿತು. ಆರಿನ್ ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕೂಗಿದ. ಅವನ ಪಕ್ಕದವನು ಕಿವಿ ಮುಚ್ಚಿಕೊಂಡ. “ಬೇಡ,” ಎಂದು ಒಂದು ಖಚಿತವಾದ ಟೀಚರ್ ಧ್ವನಿ ಮಾತ್ರ ಬಂತು, ಅದರ ಜೊತೆ ಇನ್ನೊಂದಷ್ಟು ಗೊಣಗಾಟ. ಸುತ್ತಿಗೆ ಬಿತ್ತು. ಮೇವಿಸ್ ಸೌಟು ಮೇಲಕ್ಕೆತ್ತಿ ಕುಣಿದಳು. ಆಮೇಲೆ ಸ್ಟೋವೆಲ್ ಟೀಚರ್‌ಗೆ ಕಾಫಿ ತಂದುಕೊಟ್ಟವಳೂ ಅವಳೇ.

ಡೆಲ್ಫೀನ್‌ಳ ಸೊಂಟದ ಆಪರೇಷನ್ ವಸಂತದಲ್ಲಿ, ಲೈಲಾಕ್ ಹೂ ಬಿಡುವ ಹೊತ್ತಿಗೆ ಆಯಿತು. ಅವಳು ಮಲಗಿದ್ದಷ್ಟು ದಿನ ಆರಿನ್ ಹೋಟೆಲಿನಲ್ಲಿ ಪಾತ್ರೆ ತೊಳೆದ, ಬಾಯಿ ಬಿಡದೆ. ಗಿರಾಕಿಗಳು ಅವನಿಗೇ ಹುಷಾರಿಲ್ಲವೆಂದುಕೊಂಡರು. ಸೇಬು ಕೀಳುವ ಕಾಲಕ್ಕೆ ಅವಳು ಕೋಲು ಬಿಟ್ಟಳು. ಒಂದು ಶನಿವಾರ ಸಂಜೆ ಸಭಾಭವನಕ್ಕೆ ಬಂದವಳು ಸ್ಟೂಲಿನ ಕಡೆ ತಿರುಗಿಯೂ ನೋಡದೆ ಸಾಲಿನಲ್ಲಿ ಹೋಗಿ ನಿಂತಳು. ಪಿಟೀಲಿನವನು ಒಂದು ಕ್ಷಣ ಬಿಲ್ಲು ತಡೆದು, ಆಮೇಲೆ ಮೈ ಮರೆತು ಬಾರಿಸಿದ. ಕೈಯಿಂದ ಕೈಗೆ ದಾಟಿಕೊಂಡು ಸಾಲು ಇಳಿಯುತ್ತಾ ಅವಳು ಆರಿನ್‌ನ ಹತ್ತಿರ ಬಂದಳು, ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು, ದಾಟಿ ಹೋದಳು. ಅವನ ಕೈ ಬೆಚ್ಚಗಿತ್ತು. ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದುಕೊಂಡ. ನಿಜಕ್ಕೂ ಸಂತೋಷದಿಂದಲೇ ಹಾಗೆಂದುಕೊಂಡ.

ಮತ್ತೆ ಮಾರ್ಚ್ ಬಂತು, ಸಭೆ ಬಂತು. ಗಂಟೆ ಬಾರಿಸುವುದರಲ್ಲಿ ಲೂಸಿಯಸ್ ಈ ವರ್ಷ ಎಷ್ಟು ಎಚ್ಚರವಾಗಿದ್ದನೆಂದರೆ, ಅಡಿಗೆಯವರು ಮೆಟ್ಟಿಲು ಹತ್ತಿ ಇಳಿದೇ ಸುಸ್ತಾದರು. ಊಟದ ಕೊನೆಗೆ ಆರಿನ್ ಪೈ ಮೇಜಿಗೆ ಬಂದ.

“ಸೇಬಾ, ಮೇಪಲ್ಲಾ?” ಎಂದಳು ಡೆಲ್ಫೀನ್, ಅವನ ಮುಖವನ್ನೇ ನೋಡುತ್ತಾ.

“ಮೇಪಲ್,” ಎಂದ ಆರಿನ್. ತಟ್ಟೆ ತೆಗೆದುಕೊಂಡ. “ಥ್ಯಾಂಕ್ಸ್ ಡೆಲ್ಫೀನ್.” ಹೋಗಿ ಕೂತ. ಸುತ್ತ ನಿಂತವರಿಗೆಲ್ಲ ಪೈ ರುಚಿಯೇ ಕೆಟ್ಟಂತಾಯಿತು.

ಸಭೆಯ ಕೊನೆಯ ವಿಷಯ ಯಾವಾಗಲೂ ‘ಇತರೆ’. ಯಾರಾದರೂ ಎದ್ದು ಯಾರಿಗಾದರೂ ವಂದನೆ ಹೇಳುವುದು, ನಾಯಿ ಕಳೆದಿದೆ ಎನ್ನುವುದು, ಇಂಥವೇ. ಅರ್ಧ ಜನ ಕೋಟು ಹಾಕಿಕೊಳ್ಳುತ್ತಿದ್ದರು, ಮೇವಿಸ್ ಕೆಳಗೆ ಪಾತ್ರೆ ಉಜ್ಜುತ್ತಿದ್ದಳು. ಆಗ ಡೆಲ್ಫೀನ್ ಎದ್ದು ನಿಂತಳು. ಯಾವ ಕುರ್ಚಿಯನ್ನೂ ಹಿಡಿಯದೆ.

“ಸಭಾಪತಿಗಳೇ, ತಮ್ಮ ಮೂಲಕ ರಸ್ತೆ ವಿಭಾಗಕ್ಕೊಂದು ಪ್ರಶ್ನೆ.”

ರಸ್ತೆ ವಿಭಾಗವೆಂದರೆ ಆರಿನ್ ಮತ್ತು ಅವನ ಲಾರಿ. ಅವನು ಎದ್ದ. ಹೋಟೆಲಿನ ಮುಂದಿನ ಗುಂಡಿ ಇರಬೇಕು. ಮಣ್ಣು ಹಾಕಿಸುತ್ತೇನೆ ಎನ್ನಲು ಸಿದ್ಧನಾದ.

“ರಸ್ತೆ ವಿಭಾಗದವರು ಪ್ರತಿ ವರ್ಷ ಊಟದ ಹೊತ್ತಲ್ಲಿ ನನಗೊಂದು ಪ್ರಶ್ನೆ ಕೇಳೋರು. ಎರಡು ವರ್ಷದಿಂದ ನಿಲ್ಸಿದ್ದಾರೆ. ಈಗ ನನ್ನ ಸೊಂಟ ಸರಿ ಇದೆ. ನನ್ನ ಕಾರ್ಡ್ ನನ್ನ ಜೇಬಲ್ಲಿದೆ. ಅವರಿಂದ ನನಗೆ ಆಗಬೇಕಾದ ಕೆಲಸ ಏನೇನೂ ಇಲ್ಲ. ಹಾಗಾಗಿ ಈಗ ನಾನೇ ಕೇಳ್ತಿದ್ದೀನಿ. ನನ್ನನ್ನ ಮದುವೆ ಆಗ್ತಾರಾ ಅಂತ ಕೇಳಿ ಹೇಳಿ.”

ಕೋಟಿನ ಒಂದು ತೋಳು ಹಾಕಿಕೊಂಡವರು ಹಾಗೇ ನಿಂತರು.

“ಅನುಮೋದಿಸ್ತೀನಿ,” ಎಂದಿತು ಖಚಿತವಾದ ಟೀಚರ್ ಧ್ವನಿ.

ಲೂಸಿಯಸ್ ಕನ್ನಡಕ ಒರೆಸಿಕೊಂಡ. “ಸೂಚನೆ ಬಂದಿದೆ, ಅನುಮೋದನೆನೂ ಆಗಿದೆ. ‘ಇತರೆ’ ವಿಷಯದಲ್ಲಿ ಮಾಡಿದ ತೀರ್ಮಾನಕ್ಕೆ ಕಾನೂನಿನ ಬಲ ಇಲ್ಲ ಅಂತ ನೆನಪು ಮಾಡ್ತೀನಿ. ರಸ್ತೆ ವಿಭಾಗದ ಉತ್ತರ?”

ಆರಿನ್ ಬಾಯಿ ತೆರೆದ. ಏನೂ ಬರಲಿಲ್ಲ. ಲಾರಿಯ ಸದ್ದನ್ನು ಮುಚ್ಚಿಹಾಕುತ್ತಿದ್ದ ಗಂಟಲಿನಿಂದ ಒಂದು ಉಸಿರು ಬಂತು, ಅಷ್ಟೇ. ಅವನ ಕಣ್ಣು ಧಾರಾಳವಾಗಿ ತುಂಬಿ ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಅವನಿಗೆ ತಿಳಿಯಲಿಲ್ಲ.

“ಸಭೆಗೆ ಕೇಳಿಸ್ಲಿಲ್ಲ,” ಎಂದ ಲೂಸಿಯಸ್ ಮೃದುವಾಗಿ.

“ಹೌದು!”

ಕಿಟಕಿಯ ಗಾಜು ಝಣ್ ಎಂದಿತು. ಕೆಳಗೆ ಮುಚ್ಚಳಗಳು ಒಂದರ ಮೇಲೊಂದು ಉರುಳಿದ ಸದ್ದು, ಆಮೇಲೆ ಮೆಟ್ಟಿಲ ಮೇಲೆ ದಡಬಡ ಹೆಜ್ಜೆ. ಮೇವಿಸ್ ಸೋಪಿನ ನೊರೆಯ ಕೈಯಲ್ಲೇ ಬಾಗಿಲಲ್ಲಿ ಬಂದು ನಿಂತಳು.

“ಲೂಸಿಯಸ್! ಮತ್ತೆ ಗಂಟೆ ಬಾರಿಸ್ದೆ ವೋಟ್ ಹಾಕಿದ್ರಾ?”

ಲೂಸಿಯಸ್ ಸುತ್ತಿಗೆಯಿಂದಲೇ ಮುಂದಕ್ಕೆ ತೋರಿಸಿದ. ಡೆಲ್ಫೀನ್ ಕುರ್ಚಿಗಳ ಸಾಲಿನ ನಡುವೆ ನಡೆದು ಬರುತ್ತಿದ್ದಳು. ನೆಟ್ಟಗೆ, ಒಂದಿಷ್ಟೂ ಕುಂಟದೆ, ಯಾವ ಅವಸರವೂ ಇಲ್ಲದೆ.